ಆರುನೂರು ಮಕ್ಕಳ ಎದುರು ಒಂದು ನಿಮಿಷ

ಮಳೆ ಹಿಡಿದು ಶಾಲೆಗಳು ಒಂದು ಹದಕ್ಕೆ ಬರುವ ಹೊತ್ತಿಗೆ ನಮ್ಮ ಹೈಸ್ಕೂಲುಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ಶುರುವಾಗುತ್ತದೆ. ನಾಮಪತ್ರ, ಚಿಹ್ನೆ, ಬೆರಳಿಗೆ ಶಾಯಿ, ಮತ ಎಣಿಕೆ ಎಲ್ಲವೂ ಇರುತ್ತದೆ. ಈಚೆಗೆ ಮೊಬೈಲನ್ನೇ ಮತಯಂತ್ರ ಮಾಡಿಕೊಂಡ ಮೇಷ್ಟ್ರುಗಳೂ ಇದ್ದಾರೆ. ಗೆದ್ದವರು ಪ್ರಾರ್ಥನೆಯ ಹೊತ್ತಿನಲ್ಲಿ ಪ್ರಮಾಣವಚನ ತೆಗೆದುಕೊಂಡು ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಆಗುತ್ತಾರೆ. ಮಧ್ಯಾಹ್ನ ಬಿಸಿಯೂಟದ ಸಾಲು ಕೆಡದಂತೆ ನೋಡಿಕೊಳ್ಳುತ್ತಾರೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿರುವ ಒಂದು ಕರಾರು ಇದರೊಳಗಿದೆ. ಇದೆಲ್ಲ ನಿಜವಾದ ಚುನಾವಣೆಯ ಹಾಗೇ ನಡೆಯಬೇಕು, ನಿಜವಾದ ಚುನಾವಣೆ ಮಾತ್ರ ಆಗಬಾರದು.

ಈ ಕರಾರನ್ನು ಒಬ್ಬ ಹುಡುಗ ಮುರಿದರೆ ಏನಾಗುತ್ತದೆ? ಈ ಪ್ರಶ್ನೆ ಒಮ್ಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ನಾನು ಹೇಳಹೊರಟಿರುವುದು ಆ ಕಥೆ.

1983ರ ಏಪ್ರಿಲ್ 26, ಮಂಗಳವಾರ. ವಾಷಿಂಗ್ಟನ್ ಎಂದರೆ ರಾಜಧಾನಿಯಲ್ಲ, ಅಮೆರಿಕದ ಇನ್ನೊಂದು ತುದಿಯಲ್ಲಿ ಪೆಸಿಫಿಕ್ ಸಾಗರಕ್ಕೆ ತಾಗಿಕೊಂಡಿರುವ ರಾಜ್ಯ. ಅಲ್ಲಿನ ಪಿಯರ್ಸ್ ಕೌಂಟಿಯ ಬೆಥೆಲ್ ಹೈಸ್ಕೂಲಿನಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗೆ ಸಭೆ ಸೇರಿತ್ತು. ಸುಮಾರು 600 ಮಕ್ಕಳು, ಅವರಲ್ಲಿ ಅನೇಕರು 14 ವರ್ಷದವರು. ಸಭೆಗೆ ಬರಬೇಕು, ಇಲ್ಲವಾದರೆ ಬೇರೆ ಕೋಣೆಯಲ್ಲಿ ಓದುತ್ತಾ ಕೂರಬೇಕು. ಮಕ್ಕಳಿಗೆ ಸ್ವಯಮಾಡಳಿತ ಕಲಿಸುವ ಶಾಲೆಯ ಕಾರ್ಯಕ್ರಮದ ಭಾಗವೇ ಈ ಸಭೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮ್ಯಾಥ್ಯೂ ಫ್ರೇಸರ್ ಕೊನೆಯ ವರ್ಷದ ವಿದ್ಯಾರ್ಥಿ, 17 ವರ್ಷ. ಚುನಾವಣೆಗೆ ನಿಂತವನು ಇವನಲ್ಲ, ಇವನ ಗೆಳೆಯ, ಉಪಾಧ್ಯಕ್ಷ ಸ್ಥಾನಕ್ಕೆ. ಗೆಳೆಯನ ಹೆಸರನ್ನು ಸೂಚಿಸಿ ನಾಲ್ಕು ಮಾತಾಡುವುದಷ್ಟೇ ಫ್ರೇಸರ್‌ನ ಕೆಲಸ. ಓದಿನಲ್ಲಿ ಮುಂದಿದ್ದ ಹುಡುಗ, ರಾಜ್ಯಮಟ್ಟದ ಚರ್ಚಾಸ್ಪರ್ಧೆಗಳಲ್ಲಿ ಅತ್ಯುತ್ತಮ ಮಾತುಗಾರನೆಂದು ಹೆಸರು ಮಾಡಿದವನು. ಅಂದರೆ ಸಭೆಯನ್ನು ಹೇಗೆ ಹಿಡಿಯಬೇಕೆಂದು ಬಲ್ಲವನು. ಭಾಷಣವನ್ನು ಮುಂಚೆಯೇ ಇಬ್ಬರು ಶಿಕ್ಷಕರಿಗೆ ತೋರಿಸಿದ್ದ. ಇದು ಸರಿಹೋಗುವುದಿಲ್ಲ, ಹೇಳದಿರುವುದೇ ಒಳ್ಳೆಯದು, ಹೇಳಿದರೆ ಪರಿಣಾಮ ಜೋರಾಗಿಯೇ ಇರಬಹುದು ಎಂದು ಅವರು ಎಚ್ಚರಿಸಿದ್ದರು. ಹುಡುಗ ವೇದಿಕೆ ಹತ್ತಿದ, ಹೇಳಿಯೇಬಿಟ್ಟ.

ಹೇಳಿದ್ದೇನು? ಓದಿದರೆ ಒಂದು ನಿಮಿಷ ಹಿಡಿಯದ ಭಾಷಣ. ಒಂದೇ ಒಂದು ಕೆಟ್ಟ ಪದವಿಲ್ಲ. ನನ್ನ ಗೆಳೆಯ ಗಟ್ಟಿಗ, ಹಿಡಿದದ್ದನ್ನು ಬಿಡುವವನಲ್ಲ, ನಿಮಗೋಸ್ಕರ ಕೊನೆಯವರೆಗೂ ಹೋಗುವವನು ಎಂಬ ಧಾಟಿಯ ಹೊಗಳಿಕೆ. ಆದರೆ ಸಾಲುಸಾಲಿಗೂ ಎರಡನೆಯ ಅರ್ಥ. ಆ ಎರಡನೆಯ ಅರ್ಥ ಯಾವುದೆಂದು ಕಂಪನಿ ನಾಟಕ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಸ್ಯಪಾತ್ರಧಾರಿ ಮುಖದಲ್ಲಿ ನಗು ತೋರದೆ ಒಂದು ಮಾತು ಬಿಡುತ್ತಾನೆ, ಹಿಂದಿನ ಸಾಲಿನಿಂದ ಸಿಳ್ಳೆ ಬೀಳುತ್ತದೆ, ಮುಂದಿನ ಸಾಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದವರು ತಲೆ ತಗ್ಗಿಸುತ್ತಾರೆ. ಬೆಥೆಲ್‌ನಲ್ಲೂ ಹಾಗೇ ಆಯಿತು. ಕೆಲವರು ಕೂಗಿದರು, ಕೇಕೆ ಹಾಕಿದರು. ಕೆಲವರು ಕೈಸನ್ನೆಯಲ್ಲೇ ಅರ್ಥ ವಿವರಿಸಿದರು. ಕೆಲವರು ಏನು ಮಾಡಬೇಕೆಂದು ತೋಚದೆ ಮುಜುಗರದಿಂದ ಕೂತಿದ್ದರು. ಮಾರನೆಯ ದಿನ ಒಬ್ಬ ಶಿಕ್ಷಕಿ ಪಾಠದ ಸ್ವಲ್ಪ ಹೊತ್ತನ್ನು ಬಿಟ್ಟು ಈ ಭಾಷಣದ ಬಗ್ಗೆಯೇ ಮಾತಾಡಬೇಕಾಯಿತು.

ಬೆಳಿಗ್ಗೆ ಸಹಾಯಕ ಪ್ರಾಂಶುಪಾಲರು ಫ್ರೇಸರ್‌ನನ್ನು ಕರೆಸಿದರು. ಶಿಕ್ಷಕರು ಬರೆದುಕೊಟ್ಟ ಐದು ಪತ್ರಗಳ ಪ್ರತಿಯನ್ನು ಅವನ ಕೈಗಿಟ್ಟರು. ಬೇಕೆಂದೇ ದ್ವಂದ್ವಾರ್ಥ ಬಳಸಿದೆ ಎಂದು ಹುಡುಗ ಒಪ್ಪಿಕೊಂಡ. ಪಾಠಪ್ರವಚನಕ್ಕೆ ಗಣನೀಯವಾಗಿ ಅಡ್ಡಿಯಾಗುವ ನಡತೆಯನ್ನು, ಅಶ್ಲೀಲ ಮಾತನ್ನೂ ಸೇರಿಸಿ, ಶಾಲೆಯ ನಿಯಮ ನಿಷೇಧಿಸಿತ್ತು. ಶಿಕ್ಷೆ ಮೂರು ದಿನ ಅಮಾನತು. ಜೊತೆಗೆ ಇನ್ನೊಂದು: ಶಾಲೆ ಮುಗಿಸುವ ಸಮಾರಂಭದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ಆಯ್ಕೆಗೆ ಇಟ್ಟಿದ್ದ ಹೆಸರುಗಳ ಪಟ್ಟಿಯಿಂದ ಅವನ ಹೆಸರಿಗೆ ಕೊಕ್.

ಅಮಾನತು ಎರಡು ದಿನಕ್ಕೇ ಮುಗಿಯಿತು, ಮೂರನೆಯ ದಿನ ಒಳಗೆ ಬಿಟ್ಟುಕೊಂಡರು. ಪಟ್ಟಿಯ ವಿಷಯ ಹಾಗೆ ಮುಗಿಯಲಿಲ್ಲ. ತಂದೆಯ ಮೂಲಕ ಫ್ರೇಸರ್ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋದ. ನ್ಯಾಯಾಲಯ ಅವನ ಪರ ನಿಂತಿತು: ಸಂವಿಧಾನದ ಮೊದಲ ತಿದ್ದುಪಡಿ ಕೊಟ್ಟ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ, ಶಾಲೆಯ ನಿಯಮ ತೀರಾ ಅಸ್ಪಷ್ಟವಾಗಿದೆ, ಭಾಷಣಕಾರರ ಪಟ್ಟಿಯಿಂದ ಹೆಸರು ತೆಗೆಯಬಹುದೆಂಬ ಸೂಚನೆಯೇ ನಿಯಮಗಳಲ್ಲಿ ಎಲ್ಲೂ ಇಲ್ಲ. ಪರಿಹಾರ 278 ಡಾಲರ್. ವಕೀಲರ ಶುಲ್ಕ ಮತ್ತು ಖರ್ಚು 12,750 ಡಾಲರ್. (ನ್ಯಾಯ ಮತ್ತು ನ್ಯಾಯ ಪಡೆಯುವ ಖರ್ಚು, ಇವೆರಡರ ಅನುಪಾತ ಯಾವ ದೇಶದಲ್ಲೂ ಬಹಳ ಬೇರೆಯಿಲ್ಲ.)

ತೀರ್ಪಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಪಟ್ಟಿಯಲ್ಲಿ ಫ್ರೇಸರ್‌ನ ಹೆಸರಿರಲಿಲ್ಲವಷ್ಟೆ. ಮಕ್ಕಳು ಮತಪತ್ರದಲ್ಲಿ ಅವನ ಹೆಸರನ್ನು ತಾವೇ ಕೈಯಲ್ಲಿ ಬರೆದು ಮತ ಹಾಕಿದರು. ಅವನೇ ಗೆದ್ದ. 1983ರ ಜೂನ್ 8ರಂದು ಸಮಾರಂಭದಲ್ಲಿ ಮಾತಾಡಿದವನೂ ಅವನೇ. ಮಕ್ಕಳಿಗೆ ಸ್ವಯಮಾಡಳಿತ ಕಲಿಸಲು ಹೊರಟ ಶಾಲೆಯಲ್ಲಿ ಆ ವರ್ಷ ಮಕ್ಕಳು ನಿಜಕ್ಕೂ ತಾವಾಗಿಯೇ ನಡೆಸಿದ ಚುನಾವಣೆ ಇದು ಎನಿಸುತ್ತದೆ.

ಶಾಲೆಯಲ್ಲಿ ಪುಟ್ಟ ಸರ್ಕಾರ ಕಟ್ಟುವ ಆಸೆ ಅಮೆರಿಕದಲ್ಲಿ ಹಳೆಯದು. 1895ರಲ್ಲೇ ವಿಲಿಯಂ ಜಾರ್ಜ್ ಎಂಬಾತ ನ್ಯೂಯಾರ್ಕ್ ರಾಜ್ಯದ ಫ್ರೀವಿಲ್‌ನಲ್ಲಿ 'ಜೂನಿಯರ್ ರಿಪಬ್ಲಿಕ್' ಎಂಬ ಮಕ್ಕಳ ಗಣರಾಜ್ಯ ಕಟ್ಟಿದ್ದ. ನಗರದ ಬಡಮಕ್ಕಳೇ ಅಲ್ಲಿ ಕಾನೂನು ಮಾಡುವವರು, ತೀರ್ಪು ಕೊಡುವವರು, ತಮ್ಮದೇ ನಾಣ್ಯ ಚಲಾಯಿಸುವವರು. 1916ರಲ್ಲಿ ಜಾನ್ ಡ್ಯೂಯಿ 'ಡೆಮಾಕ್ರಸಿ ಅಂಡ್ ಎಜುಕೇಶನ್' ಬರೆದು, ಪ್ರಜಾಪ್ರಭುತ್ವವೆಂದರೆ ಬರೀ ಸರ್ಕಾರದ ಒಂದು ಬಗೆಯಲ್ಲ, ಕೂಡಿ ಬಾಳುವ ರೀತಿ, ಅದನ್ನು ಬದುಕಿಯೇ ಕಲಿಯಬೇಕು ಎಂದು ವಾದಿಸಿದರು. ಕೊಲಂಬಿಯಾದಲ್ಲಿ ಆ ವರ್ಷಗಳಲ್ಲಿ ಡ್ಯೂಯಿಯ ತರಗತಿಯಲ್ಲಿ ಕೂತಿದ್ದವರಲ್ಲಿ ನಮ್ಮ ಅಂಬೇಡ್ಕರ್ ಒಬ್ಬರು. ಈ ಹಂಬಲದ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬದುಕಿ ಕಲಿಯಬೇಕು ಎಂದಮೇಲೆ ಮಕ್ಕಳು ಶಾಲೆಯಲ್ಲಿ ಮಾತಾಡುವಾಗ ಅವರನ್ನು ನಾಗರಿಕರೆಂದು ಕಾಣಬೇಕೋ, ಇನ್ನೂ ನಾಗರಿಕರಾಗಬೇಕಾದವರೆಂದು ಕಾಣಬೇಕೋ? ಇದಕ್ಕೆ ಸುಪ್ರೀಂ ಕೋರ್ಟ್ 1969ರಲ್ಲಿ ಒಂದು ಉತ್ತರ ಕೊಟ್ಟಿತ್ತು. 1965ರ ಡಿಸೆಂಬರ್‌ನಲ್ಲಿ ಅಯೋವಾ ರಾಜ್ಯದ ಡೆ ಮೊಯ್ನ್‌ ಊರಿನಲ್ಲಿ ಮೇರಿ ಬೆತ್ ಟಿಂಕರ್ ಎಂಬ 13ರ ಹುಡುಗಿ, ಅವಳ ಅಣ್ಣ ಜಾನ್ ಮತ್ತು ಕೆಲವು ಗೆಳೆಯರು ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಶಾಲೆ ಅಮಾನತು ಮಾಡಿತು. ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು. ವಿದ್ಯಾರ್ಥಿಗಳು ತಮ್ಮ ವಾಕ್ ಸ್ವಾತಂತ್ರ್ಯವನ್ನು ಶಾಲೆಯ ಗೇಟಿನ ಹೊರಗೆ ಕಳಚಿಟ್ಟು ಬರುವುದಿಲ್ಲ, ಪಾಠಕ್ಕೆ ಗಣನೀಯವಾಗಿ ಅಡ್ಡಿಯಾಗದ ಹೊರತು ಅವರ ಬಾಯಿ ಮುಚ್ಚಿಸುವಂತಿಲ್ಲ ಎಂದು ನ್ಯಾಯಮೂರ್ತಿ ಏಬ್ ಫೋರ್ಟಾಸ್ ಬರೆದರು. ಒಪ್ಪದ ಇಬ್ಬರಲ್ಲಿ ಹ್ಯೂಗೋ ಬ್ಲ್ಯಾಕ್ ಒಬ್ಬರು. ಶಾಲೆಗಳ ಹತೋಟಿಯನ್ನು ಮೇಷ್ಟ್ರು, ತಂದೆತಾಯಿ, ಚುನಾಯಿತ ಆಡಳಿತಗಾರರ ಕೈಯಿಂದ ತೆಗೆದು ವಿದ್ಯಾರ್ಥಿಗಳ ಕೈಗೆ ಕೊಡಿ ಎಂದು ಸಂವಿಧಾನ ಹೇಳುವುದಿಲ್ಲ ಎಂದು ಅವರು ಬಿರುಸಾಗಿ ಬರೆದಿಟ್ಟರು.

ಬೆಥೆಲ್ ಪ್ರಕರಣದ ಮೇಲ್ಮನವಿಯಲ್ಲೂ ಟಿಂಕರ್ ತೀರ್ಪಿನ ಅಳತೆಗೋಲಿನಿಂದಲೇ ಫ್ರೇಸರ್ ಗೆದ್ದ. ಅಡ್ಡಿಯಾಗಿದ್ದಕ್ಕೆ ಸಾಕ್ಷ್ಯ ಸಾಲದು ಎಂದಿತು ಮೇಲ್ಮನವಿ ನ್ಯಾಯಾಲಯ. ಶಾಲಾ ಆಡಳಿತ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. 1986ರ ಜುಲೈ 7ರಂದು ತೀರ್ಪು ಬಂತು. 7–2. ಈ ಸಲ ಗೆದ್ದದ್ದು ಶಾಲೆ.

ಬಹುಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್. ನಿವೃತ್ತಿಯಾಗುವುದಾಗಿ ಆಗಲೇ ಹೇಳಿದ್ದರು. ಇದು ಅವರ ಕೊನೆಯ ತೀರ್ಪುಗಳಲ್ಲಿ ಒಂದು. ಮಕ್ಕಳಿಗೆ ಸಾರ್ವಜನಿಕ ಬದುಕಿನ ಸಭ್ಯತೆಯನ್ನು ಕಲಿಸುವುದೇ ಶಾಲೆಯ ಕೆಲಸ, ಯಾವ ಮಾತು ಸಭೆಗೆ ತಕ್ಕುದಲ್ಲ ಎಂದು ತೀರ್ಮಾನಿಸುವ ಹಕ್ಕು ಶಾಲೆಗಿದೆ ಎಂಬುದು ಅವರ ವಾದದ ತಿರುಳು. ತೀರ್ಪಿನ ಕೊನೆಯಲ್ಲಿ ಅವರು ಉಲ್ಲೇಖಿಸಿದ್ದು ಹ್ಯೂಗೋ ಬ್ಲ್ಯಾಕ್ 1969ರಲ್ಲಿ ಬರೆದ ಅದೇ ಮಾತನ್ನು. ಹದಿನೇಳು ವರ್ಷದ ಹಿಂದೆ ಸೋತ ಮಾತು ಈಗ ಗೆದ್ದವರ ಕೊನೆಯ ಮಾತಾಯಿತು.

ಬರ್ಗರ್ ಅವರನ್ನು ಹಳೇ ಕಾಲದ ಮಡಿವಂತ ಎಂದು ತಳ್ಳಿಹಾಕುವುದು ಸುಲಭ. ಮೊದಲ ಸಲ ಓದಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಂದು ಮಾತನ್ನು ಮಾತ್ರ ಪಕ್ಕಕ್ಕೆ ಸರಿಸಲಾಗಲಿಲ್ಲ. ಗಂಡಸುತನವನ್ನು ಹೀಗೆ ಮೆರೆಸುವ ಭಾಷಣ ಅಲ್ಲಿ ಕೂತಿದ್ದ ಹುಡುಗಿಯರಿಗೆ ಮಾಡಿದ ಅವಮಾನ ಎನ್ನುತ್ತಾರೆ ಅವರು. ಸಿಳ್ಳೆ ಹಾಕಿದವರ ಸದ್ದು ದಾಖಲೆಗೆ ಸೇರುತ್ತದೆ, ಸುಮ್ಮನೆ ಕೂತವರದ್ದು ಸೇರುವುದಿಲ್ಲ. 14ರ ಹುಡುಗಿಯೊಬ್ಬಳು ಅವತ್ತು ಆ ಸಭೆಯಲ್ಲಿ ಯಾವ ಕಡೆ ನೋಡಬೇಕೆಂದು ತಿಳಿಯದೆ ಕೂತಿದ್ದರೆ, ಅವಳ ಪಾಲಿಗೆ ಈ ವಾಕ್ ಸ್ವಾತಂತ್ರ್ಯದ ವಿಜಯ ಏನು? ಇಷ್ಟನ್ನು ಹೇಳಿದ್ದರೆ, ಇದರ ಮೇಲೇ ತೀರ್ಪು ನಿಂತಿದ್ದರೆ ನನಗೆ ತಕರಾರಿರುತ್ತಿರಲಿಲ್ಲವೇನೋ.

ಬರ್ಗರ್ ಅಲ್ಲಿಗೆ ನಿಲ್ಲಲಿಲ್ಲ. ಟಿಂಕರ್ ಮಕ್ಕಳ ಕಪ್ಪುಪಟ್ಟಿಯಲ್ಲಿ ರಾಜಕೀಯ ಸಂದೇಶವಿತ್ತು, ಫ್ರೇಸರ್‌ನ ಭಾಷಣದಲ್ಲಿ ಇದ್ದದ್ದು ಲೈಂಗಿಕ ವಿಷಯ. ಈ ಎರಡರ ನಡುವಿನ ವ್ಯತ್ಯಾಸವನ್ನು ಕೆಳಗಿನ ನ್ಯಾಯಾಲಯ ಗಮನಿಸಲಿಲ್ಲ ಎಂದರು. ಇದು ನನಗೆ ಒಗಟಾಗಿ ಕಾಣುತ್ತದೆ. ಒಬ್ಬ ಅಭ್ಯರ್ಥಿಗೆ ಮತ ಕೊಡಿ ಎಂದು ಮತದಾರರ ಸಭೆಯಲ್ಲಿ ನಿಂತು ಕೇಳುವುದು ರಾಜಕೀಯದ ಮಾತಲ್ಲವಾದರೆ ಇನ್ನಾವುದು? ರುಚಿ ಕೆಟ್ಟಿದೆ ಅನ್ನಿ, ಒಪ್ಪುತ್ತೇನೆ. ಚುನಾವಣಾ ಭಾಷಣಗಳಲ್ಲಿ ರುಚಿ ಕೆಟ್ಟವುಗಳದ್ದೇ ದೊಡ್ಡ ಪಾಲು. ನಮ್ಮ ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಇದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ. ಅದು ರಾಜಕೀಯವಲ್ಲ ಎಂದು ಹೇಳಬೇಕಾದರೆ ಒಂದೇ ದಾರಿ, ಆ ಚುನಾವಣೆಯನ್ನೇ ಚುನಾವಣೆ ಎಂದು ಒಪ್ಪದಿರುವುದು. ಯಾರೂ ಬಾಯಿಬಿಟ್ಟು ಹೇಳದ ಆ ಹಳೆಯ ಕರಾರನ್ನು ದೇಶದ ಅತಿ ದೊಡ್ಡ ನ್ಯಾಯಾಲಯ ಹೀಗೆ ಬಾಯಿಬಿಡದೆಯೇ ಎತ್ತಿಹಿಡಿಯಿತು.

ಇನ್ನೊಂದು ವಾದವೂ ಇದೆ. ಥಾಮಸ್ ಜೆಫರ್ಸನ್ ಸಿದ್ಧಪಡಿಸಿದ ಸಂಸದೀಯ ಕಲಾಪದ ಕೈಪಿಡಿಯನ್ನು ಬರ್ಗರ್ ಎತ್ತಿ ತೋರಿಸುತ್ತಾರೆ. ಕಾಂಗ್ರೆಸ್‌ನ ಸದಸ್ಯರೇ ಸದನದಲ್ಲಿ ಅಸಭ್ಯ ಮಾತಾಡುವಂತಿಲ್ಲ. ಅಲ್ಲಿ ಸಲ್ಲದ್ದು ಶಾಲೆಯಲ್ಲಿ ಸಲ್ಲುತ್ತದೆಯೇ? ಕೇಳಲು ಚೆನ್ನಾಗಿದೆ. ಆದರೆ ಸದನದಲ್ಲಿ ಅಸಭ್ಯವಾಗಿ ಮಾತಾಡಿದ ಸದಸ್ಯನಿಗೆ ಶಿಕ್ಷೆ ಕೊಡುವವರು ಯಾರು? ಸದನವೇ, ಅಂದರೆ ಅವನಂತೆಯೇ ಆಯ್ಕೆಯಾಗಿ ಬಂದ ಉಳಿದ ಸದಸ್ಯರು. ಹೊರಗಿನವರು ಬಂದು ಕಿವಿ ಹಿಂಡುವುದಿಲ್ಲ. ಬೆಥೆಲ್‌ನ ಸಭೆಯನ್ನು ಸಂಸತ್ತಿಗೆ ಹೋಲಿಸುವುದಾದರೆ ತೀರ್ಮಾನಿಸಬೇಕಾದವರು ಆ 600 ಮಕ್ಕಳು. ಅವರಾದರೋ ತಮ್ಮ ತೀರ್ಮಾನವನ್ನು ಆರು ವಾರದೊಳಗೆ ಮತಪತ್ರದ ಮೇಲೆ ಕೈಬರಹದಲ್ಲಿ ಬರೆದು ಹಾಕಿದ್ದರು.

ಈ ಮತದ ಮಹತ್ವವನ್ನು ಪೀಠದಲ್ಲಿ ಒಬ್ಬರು ಗಮನಿಸಿದರು: ಜಾನ್ ಪಾಲ್ ಸ್ಟೀವನ್ಸ್. ಭಿನ್ನ ತೀರ್ಪು ಬರೆದ ಇಬ್ಬರಲ್ಲಿ ಅವರೊಬ್ಬರು (ಇನ್ನೊಬ್ಬರು ತರ್ಗುಡ್ ಮಾರ್ಷಲ್, ಶಾಲೆ ಅಡ್ಡಿಯಾದದ್ದನ್ನು ರುಜುವಾತು ಮಾಡಿಲ್ಲ ಎಂದು ಚಿಕ್ಕದಾಗಿ ಬರೆದು ಮುಗಿಸಿದರು). ಸಹಪಾಠಿಗಳೇ ಆರಿಸಿ ಕಳಿಸಿದ ಈ ಹುಡುಗನಿಗೆ, ಆ ಸಭೆಗೆ ಯಾವುದು ನೋವು ಮಾಡುತ್ತದೆ ಎಂಬುದು, ಎರಡು ತಲೆಮಾರು ದಾಟಿ ಮೂರು ಸಾವಿರ ಮೈಲಿ ದೂರದಲ್ಲಿ ಕೂತ ನ್ಯಾಯಾಧೀಶರಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು ಎಂದರು. ಶಾಲೆಗೆ ನಿಯಮ ಮಾಡುವ ಹಕ್ಕಿದೆ ಎಂಬುದನ್ನು ಅವರೂ ಒಪ್ಪುತ್ತಾರೆ. ಆದರೆ ಮಾತಿಗಾಗಿ ಶಿಕ್ಷಿಸುವುದಾದರೆ ಯಾವ ಮಾತಿಗೆ, ಯಾವ ಶಿಕ್ಷೆ ಎಂದು ಮೊದಲೇ ಸ್ಪಷ್ಟವಾಗಿ ತಿಳಿಸಿರಬೇಕು ಎನ್ನುವುದು ಅವರ ಹಠ.

ಸ್ಟೀವನ್ಸ್ ತಮ್ಮ ಭಿನ್ನ ತೀರ್ಪನ್ನು ಶುರುಮಾಡುವುದು 'ಗಾನ್ ವಿತ್ ದ ವಿಂಡ್' ಸಿನಿಮಾದ ಕೊನೆಯಲ್ಲಿ ಕ್ಲಾರ್ಕ್ ಗೇಬಲ್ ಹೇಳುವ, ಪುಟ್ಟದೊಂದು ಬೈಗುಳವಿರುವ ಆ ಪ್ರಸಿದ್ಧ ಮಾತಿನಿಂದ. ತಾವು ಹೈಸ್ಕೂಲಿನಲ್ಲಿದ್ದಾಗ ಆ ಪದ ದೇಶವನ್ನೇ ಬೆಚ್ಚಿಬೀಳಿಸಿತ್ತು, ಈಗ ಯಾರೂ ತಿರುಗಿ ನೋಡುವುದಿಲ್ಲ ಎಂದು ಬರೆಯುತ್ತಾರೆ. ಸಿನಿಮಾ ಬಂದದ್ದು 1939ರ ಡಿಸೆಂಬರ್‌ನಲ್ಲಿ. 1920ರಲ್ಲಿ ಹುಟ್ಟಿದ ಸ್ಟೀವನ್ಸ್ ಆಗ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು. ಹೈಸ್ಕೂಲಿನ ನೆನಪುಗಳು ನ್ಯಾಯಮೂರ್ತಿಗಳಿಗೂ ಹೀಗೆ ಹಿಂದುಮುಂದಾಗುತ್ತವೆ.

ಅದೇ ಬೇಸಿಗೆಯಲ್ಲಿ, ಇದಾದ ಐದು ವಾರಕ್ಕೆ, ನಮ್ಮ ಸುಪ್ರೀಂ ಕೋರ್ಟಿನಲ್ಲೂ ಶಾಲೆ ಮತ್ತು ಮಕ್ಕಳ ನಡುವಿನ ಒಂದು ತೀರ್ಪು ಬಂತು. 1986ರ ಆಗಸ್ಟ್ 11, ಬಿಜೋಯ್ ಇಮ್ಯಾನುಯೆಲ್ ಪ್ರಕರಣ. ಯೆಹೋವನ ಸಾಕ್ಷಿಗಳ ಪಂಗಡಕ್ಕೆ ಸೇರಿದ ಕೇರಳದ ಮೂವರು ಒಡಹುಟ್ಟಿದವರು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತ್ತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಿ ಎಂದರು; ಧ್ವಜವಂದನೆಗೆ ಒತ್ತಾಯಿಸಬಾರದೆಂಬ 1943ರ ಅಮೆರಿಕದ ತೀರ್ಪೊಂದನ್ನೂ ನೆನೆದರು. ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಮೂರನೆಯ ಆಯೋಗಕ್ಕೆ ಅಧ್ಯಕ್ಷರಾಗಿ ಬಂದ ಚಿನ್ನಪ್ಪ ರೆಡ್ಡಿ ಇವರೇ. ಎರಡೂ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ, ಎರಡರ ಸಮಸ್ಯೆಯೂ ಬೇರೆ. ಆದರೂ ಕೇರಳದ ಮಕ್ಕಳು ಗೆದ್ದದ್ದು ಸುಮ್ಮನಿದ್ದುದಕ್ಕೆ, ಟಿಂಕರ್ ಮಕ್ಕಳು ಗೆದ್ದದ್ದೂ ಮೌನವಾಗಿ ಪಟ್ಟಿ ಕಟ್ಟಿದ್ದಕ್ಕೆ, ಬಾಯಿಬಿಟ್ಟ ಹುಡುಗ ಸೋತ ಎಂಬುದು ಮನಸ್ಸಿನಲ್ಲಿ ಸುಳಿಯದೆ ಇರದು.

ಫ್ರೇಸರ್ ತೀರ್ಪಿನ ಸಂತತಿ ದೊಡ್ಡದು. ಶಾಲೆಯ ಪತ್ರಿಕೆಯನ್ನು ಪ್ರಾಂಶುಪಾಲರು ತಿದ್ದಬಹುದು ಎಂದ 1988ರ ತೀರ್ಪು ಅದನ್ನೇ ಹಿಡಿದು ನಡೆಯಿತು. 2007ರಲ್ಲಿ ಅಲಾಸ್ಕದ ವಿದ್ಯಾರ್ಥಿಯೊಬ್ಬನ ಬ್ಯಾನರ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಮತ್ತೆ ಇದನ್ನು ಕೈಗೆತ್ತಿಕೊಂಡು, ಬರ್ಗರ್ ಯಾವ ತರ್ಕದಿಂದ ಆ ತೀರ್ಮಾನಕ್ಕೆ ಬಂದರೆಂಬುದು ಪೂರ್ತಿ ಸ್ಪಷ್ಟವಿಲ್ಲ ಎಂದು ಒಪ್ಪಿಕೊಂಡರು. ಇದೇ ಭಾಷಣವನ್ನು ಫ್ರೇಸರ್ ಶಾಲೆಯ ಹೊರಗೆ, ಸಾರ್ವಜನಿಕ ಜಾಗದಲ್ಲಿ ಮಾಡಿದ್ದರೆ ಅದಕ್ಕೆ ಸಂವಿಧಾನದ ರಕ್ಷಣೆ ಇರುತ್ತಿತ್ತು ಎಂಬುದನ್ನೂ ಸೇರಿಸಿದರು.

ಒಂದು ವಿಷಯ ಹೇಳುವುದು ಉಳಿದಿದೆ. ಬರ್ಗರ್ ಬರೆದ ಬಹುಮತದ ತೀರ್ಪನ್ನು ಎಷ್ಟು ಹುಡುಕಿದರೂ ಆ ಭಾಷಣ ಸಿಗುವುದಿಲ್ಲ. ಅದು ಅಸಭ್ಯ, ಅಶ್ಲೀಲ ಎಂದು ಮತ್ತೆ ಮತ್ತೆ ಬರುತ್ತದೆ, ಏನಿತ್ತು ಎಂದು ಬರುವುದಿಲ್ಲ. ವಿಲಿಯಂ ಬ್ರೆನನ್ ತೀರ್ಮಾನವನ್ನು ಒಪ್ಪಿದರೂ ಕಾರಣಗಳನ್ನು ಒಪ್ಪದೆ ಪ್ರತ್ಯೇಕ ಅಭಿಪ್ರಾಯ ಬರೆದರು. ಬಹುಮತದ ವರ್ಣನೆ ಓದಿದವರಿಗೆ ಭಾಷಣವೇ ಬೇರೆ, ತಾವು ಓದಿದ್ದೇ ಬೇರೆ ಅನ್ನಿಸಬಹುದೆಂದು ಹೇಳಿ, ಫ್ರೇಸರ್ ಆಡಿದ ಮಾತನ್ನೆಲ್ಲ ಒಂದಕ್ಷರ ಬಿಡದೆ ಅದರಲ್ಲಿ ಸೇರಿಸಿದರು. ಬೆಥೆಲ್ ಹೈಸ್ಕೂಲಿನ 600 ಮಕ್ಕಳು ಕೇಳಬಾರದಾಗಿದ್ದ ಭಾಷಣ ಹಾಗಾಗಿ ಸುಪ್ರೀಂ ಕೋರ್ಟಿನ ಅಧಿಕೃತ ತೀರ್ಪುಗಳ 478ನೆಯ ಸಂಪುಟದಲ್ಲಿ ಅಚ್ಚಾಗಿ ಕೂತಿದೆ. ಆ ದೇಶದ ಕಾನೂನು ವಿದ್ಯಾರ್ಥಿಗಳು ಈಗಲೂ ಅದನ್ನು ಪಾಠವಾಗಿ ಓದುತ್ತಾರೆ.